ಕೂಸು ಕಲಿತ ನಗು

ಚಹಾ ತುಟಿಯ ಎಡಮೂಲೆಯಿಂದ ಸೋರಿ ಗದ್ದಕ್ಕೆ ಇಳಿಯಿತು. ಶೋಭಾ ಒರೆಸಿಕೊಳ್ಳಲಿಲ್ಲ. ಇಳಿಯುವುದು ಗೊತ್ತಾಗುತ್ತಿತ್ತು, ಅದರ ಬಿಸಿಯೂ ಗೊತ್ತಾಗುತ್ತಿತ್ತು, ತಡೆಯಲು ಮಾತ್ರ ತುಟಿ ಒಪ್ಪುತ್ತಿರಲಿಲ್ಲ. ಹನಿ ಸೀರೆಯ ಮೇಲೆ ಬಿದ್ದು ಕಂದು ಕಲೆಯಾಗಿ ಹರಡುವುದನ್ನು ಅವಳು ಬೇರೆ ಯಾರದೋ ಸೀರೆಯನ್ನು ನೋಡುವಂತೆ ನೋಡಿದಳು. ಒಳಕೋಣೆಯಲ್ಲಿ ಅತ್ತೆ ಬಸಲಿಂಗಮ್ಮ ಕೂಸಿನ ಅಂಗಿ, ಕುಂಚಿಗೆ, ಹಚ್ಚಡಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಅವಳು ಲಿಂಗಸೂಗೂರಿಗೆ ಹೊರಡುವವಳು. ಎಂಟು ತಿಂಗಳ ನೀಲಾ ಅವಳ ಜೊತೆ ಹೋಗುವವಳು. 'ನಿನ್ನ ಮಾರಿ ನೆಟ್ಟಗ ಆಗೂತನಕ ಅಷ್ಟ' ಎಂದು ಮೊನ್ನೆ ಊಟಕ್ಕೆ ಕೂತಾಗ ತೀರ್ಮಾನವಾಗಿತ್ತು. ಶೋಭಾ ಹೂಂ ಎಂದಿದ್ದಳು. ಈಗ ನೆನೆಸಿಕೊಂಡರೆ ಆ ಹೂಂ ಯಾವುದಕ್ಕೆ ಅಂದದ್ದೆಂದು ಅವಳಿಗೇ ಖಾತ್ರಿಯಿಲ್ಲ. ಅತ್ತೆ ಅದೇ ಉಸಿರಿನಲ್ಲಿ, ಇನ್ನೊಂದು ರೊಟ್ಟಿ ಹಾಕ್ಲೇನು ಎಂದೂ ಕೇಳಿದ್ದಳು. ರೊಟ್ಟಿ ತಾಟಿಗೆ ಬಿತ್ತು, ಕೂಸು ಊರಿಗೆ ಹೊರಟಿತು, ಎರಡಕ್ಕೂ ಒಂದೇ ಹೂಂ.

ಶುರುವಾದದ್ದು ಜ್ವರದಿಂದ. ಎಡಗಿವಿಯೊಳಗೆ ಯಾರೋ ಕಡ್ಡಿ ಕಾಯಿಸಿ ಇಟ್ಟಂತಹ ಉರಿ, ಆಮೇಲೆ ಕಿವಿಯ ಸುತ್ತ ಸಾಸಿವೆಕಾಳಿನಂಥ ನೀರುಗುಳ್ಳೆ. ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಬಚ್ಚಲಿಗೆ ಬೀಳದೆ ಪಕ್ಕಕ್ಕೆ ಚಿಮ್ಮಿ ಗೋಡೆಗೆ ಹಾರಿತು. ಅವಳಿಗೆ ನಗು ಬಂತು. ನಕ್ಕು ಕನ್ನಡಿ ನೋಡಿದಾಗ ಮುಖದ ಬಲಭಾಗ ಮಾತ್ರ ನಗುತ್ತಿತ್ತು. ಎಡಭಾಗ, ಪಕ್ಕದವರ ಜಗಳ ಕೇಳಿಸದವರ ಹಾಗೆ, ತನ್ನ ಪಾಡಿಗೆ ತಾನು ಸುಮ್ಮನಿತ್ತು. ಎಡಗಣ್ಣು ಮುಚ್ಚಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನಲ್ಲಿ ಹೇಳಿದ್ದನ್ನು ಗಂಡ ಅಮರೇಶ ಮನೆಗೆ ಬಂದು ತಾಯಿಗೆ ಬಿಡಿಸಿ ಹೇಳಿದ: ಚಿಕ್ಕಂದಿನಲ್ಲಿ ಬಂದ ಅಮ್ಮ, ಆ ಸೀತಾಳೆ ಸಿಡುಬು, ಮೈಯೊಳಗೇ ಅಡಗಿ ಕೂತಿರುತ್ತದಂತೆ, ಮೈ ಸೋತಾಗ ಏಳುತ್ತದಂತೆ, ಈಗ ಕಿವಿಯ ಹತ್ತಿರ ಎದ್ದು ಮುಖದ ನರ ಹಿಡಿದಿದೆಯಂತೆ. ಔಷಧ ತಗೊಂಡರೆ ಬಹಳ ಜನಕ್ಕೆ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ. ಗುಳ್ಳೆ ಒಣಗಿ ಹಕ್ಕಳೆ ಉದುರುವ ತನಕ ಕೂಸನ್ನು ದೂರ ಇಡಬೇಕು. 'ಸರ್ಪಸುತ್ತು' ಎಂದಳು ಬಸಲಿಂಗಮ್ಮ. ಕೆಳಗಿನ ಮನೆಯ ಮಾಲಕಿ ಮೆಟ್ಟಿಲ ಮೇಲೆ ನಿಂತು 'ಲಕ್ವಾ ಹೈ, ಲಕ್ವಾ' ಎಂದಳು, ಪಾರ್ಶ್ವವಾಯುವಿಗೆ ಪಾರಿವಾಳದ ರಕ್ತ ಸವರಿದರೆ ಗುಣ ಎಂದಳು. ಬಸಲಿಂಗಮ್ಮ ಶಿವಶಿವಾ ಎಂದು ಬಾಗಿಲು ಹಾಕಿಕೊಂಡಳು.

ಅತ್ತೆ ತಂತಿ ಸಿಕ್ಕವಳ ಹಾಗೆ ಊರಿನಿಂದ ಓಡಿಬಂದಿದ್ದಳು, ಅದನ್ನು ಇಲ್ಲವೆನ್ನುವಂತಿಲ್ಲ. ಕಿವಿಯ ಕೀವು ಒರೆಸಿದ ಬಟ್ಟೆಗಳನ್ನು ಬರಿಗೈಯಲ್ಲಿ ಕುದಿನೀರಿಗೆ ಹಾಕಿದವಳು ಅವಳೇ. ಹೆತ್ತ ತಾಯಿ ಬದುಕಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ. ಶೋಭಾಳನ್ನು ಬೀದಿಯ ಕಡೆಯ ಸಣ್ಣ ಕೋಣೆಯಲ್ಲಿ ಮಲಗಿಸಿ, ಕೂಸನ್ನು ತಾನು ಒಳಗಿಟ್ಟುಕೊಂಡು, ಬಾಟಲಿಗೆ ಒಗ್ಗಿಸಿದಳು. ಮೊದಮೊದಲು ನೀಲಾ ಅತ್ತಾಗಲೆಲ್ಲ ಶೋಭಾಳ ಎದೆ ಬಿಗಿದು ಹಾಲು ತಾನಾಗಿ ಇಳಿಯುತ್ತಿತ್ತು. ಅವಳು ಅದನ್ನು ಸ್ಟೀಲಿನ ಬಟ್ಟಲಿಗೆ ಹಿಂಡಿ ಬಚ್ಚಲಿಗೆ ಸುರಿಯುತ್ತಿದ್ದಳು. ಬಿಳಿ ನೀರು ಜಾಲರಿಯ ತೂತುಗಳಲ್ಲಿ ಸುತ್ತಿ ಇಳಿದುಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಒಂದು ದಿನ ಎಚ್ಚರವಾದಾಗ ಬಿಸಿಲು ಗೋಡೆಯ ನಡುವಿಗೆ ಬಂದಿತ್ತು. ಒಳಗೆ ಕೂಸು ಅತ್ತು ಅತ್ತು ಬಿಕ್ಕುತ್ತಿತ್ತು, ಬಹಳ ಹೊತ್ತಿನಿಂದ ಅಳುತ್ತಿದ್ದಿರಬೇಕು. ಅವಳಿಗೆ ಕೇಳಿರಲಿಲ್ಲ. ಹೆರಿಗೆಯಾದಂದಿನಿಂದ ಅಂಥ ನಿದ್ದೆ ಬಂದಿರಲಿಲ್ಲ. ಅವಳು ಮಗ್ಗುಲು ಬದಲಿಸಿ, ಒಳ್ಳೆಯ ಕಿವಿಯನ್ನು ದಿಂಬಿಗೊತ್ತಿ ಮತ್ತೆ ಮಲಗಿದಳು. ಆ ನಿದ್ದೆಯ ಸುದ್ದಿಯನ್ನು ಅವಳು ಯಾರಿಗೂ ಹೇಳಿಲ್ಲ. ಮುಖ ಸೊಟ್ಟಗಾದದ್ದಕ್ಕೆ ಎಲ್ಲರೂ ಕಾರಣ ಹುಡುಕುವಾಗ, ತಂಗಾಳಿ ಬಡಿಯಿತು, ತಲೆಗೆ ನೀರು ಹಾಕಿಕೊಂಡು ಒರೆಸಿಕೊಳ್ಳಲಿಲ್ಲ ಎಂದೆಲ್ಲ ಹೇಳುವಾಗ, ಅವಳು ಆ ನಿದ್ದೆಯನ್ನೇ ನೆನೆಯುತ್ತಿದ್ದಳು. ಅದು ರೋಗ ಬಂದ ಮೇಲಿನದು, ರೋಗಕ್ಕೆ ಕಾರಣವಾಗಲಾರದು ಎಂದು ಗೊತ್ತಿದ್ದೂ.

ಹಕ್ಕಳೆ ಉದುರಿದವು. ಅವಳು ಕೋಣೆಯಿಂದ ಹೊರಗೆ ಬಂದು ಕೂಸಿನ ಮುಂದೆ ಕೂತಳು. ನೀಲಾ ಅಳಲಿಲ್ಲ, ಕೈ ಚಾಚಲೂ ಇಲ್ಲ. ತಿರುಗುವ ಫ್ಯಾನನ್ನು ನೋಡುವಂತೆ, ಬಾಯಿ ತುಸು ತೆರೆದು, ನೋಡಿತು. ಬಲಗಣ್ಣು, ಎಡಗಣ್ಣು, ತುಟಿ, ಮತ್ತೆ ಎಡಗಣ್ಣು. ಶೋಭಾ ಕರೆಯಲು ಹೋದಳು, ತುಟಿ ಕೂಡಬೇಕಾದ ಅಕ್ಷರಗಳೆಲ್ಲ ಗಾಳಿಯಾಗಿ ಹೊರಟವು. ಪ ಬರುವುದಿಲ್ಲ, ಬ ಬರುವುದಿಲ್ಲ, ಮ ಮೂಗಿನೊಳಗೇ ಉಳಿಯುತ್ತದೆ. ಡಾಕ್ಟರು ಕನ್ನಡಿ ಮುಂದೆ ಕೂತು ದಿನಾ ಅಭ್ಯಾಸ ಮಾಡಲು ಹೇಳಿದ್ದರು, ಪುಗ್ಗೆ ಊದಲು ಹೇಳಿದ್ದರು. ಅದೇ ವಾರ ನೀಲಾ ಒಳಕೋಣೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಬಬಬಬ ಎಂದು ಶುರುಮಾಡಿತು. ಇವಳು ಕನ್ನಡಿಯ ಮುಂದೆ, ಬೆರಳಿನಿಂದ ಎಡತುಟಿ ಎತ್ತಿ ಹಿಡಿದು, ಅದನ್ನೇ ಹೇಳುತ್ತಿದ್ದಳು. 'ತಾಯಿ ಮಗಳು ಇಬ್ಬರೂ ಒಂದ ಸಾಲಿಗೆ ಹೊಂಟೀರಿ' ಎಂದು ಅಮರೇಶ ಚೇಷ್ಟೆ ಮಾಡಿದ, ಮಾಡಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬೂಟು ಹುಡುಕಿದ. ಅವನು ಅಬಿಡ್ಸ್‌ನ ದೊಡ್ಡ ಪೋಸ್ಟ್ ಆಫೀಸಿನಲ್ಲಿ ಕೌಂಟರಿನ ಹಿಂದೆ ಕೂತು ದಿನವಿಡೀ ಜನರ ಮುಖ ನೋಡುವವನು. ಮನೆಗೆ ಬಂದರೆ ಈಗ ಅವಳ ಕಿವಿಯ ಜುಮಕಿಯೊಡನೆ ಮಾತಾಡುತ್ತಾನೆ. ಕೆಟ್ಟವನಲ್ಲ. ಕಣ್ಣಿಗೆ ಹನಿ ಹಾಕುವುದು ಅವನೇ, ಮಲಗುವಾಗ ರೆಪ್ಪೆ ಇಳಿಸಿ ಪಟ್ಟಿ ಅಂಟಿಸುವುದು ಅವನೇ. ಪಾರ್ಸಲಿಗೆ ಚೀಟಿ ಹಚ್ಚುವ ಹಾಗೆ, ನಾಲ್ಕೂ ಅಂಚು ಒತ್ತಿ.

ಮುಖದ ಎಡಭಾಗ ಸತ್ತುಹೋಗಿದೆ ಎಂದು ಎಲ್ಲರೂ ತಿಳಿದಿದ್ದರು. ಸತ್ತಿರಲಿಲ್ಲ. ಅಲ್ಲಾಡುತ್ತಿರಲಿಲ್ಲ ಅಷ್ಟೆ. ಬಸಲಿಂಗಮ್ಮ ಔಡಲ ಎಲೆಯನ್ನು ಹಂಚಿನ ಮೇಲೆ ಬಾಡಿಸಿ ಅವಳ ಕೆನ್ನೆಗೆ ಒತ್ತುತ್ತಿದ್ದಳು, ಒತ್ತಿ ಸೊಸೆಯ ಮುಖ ನೋಡುತ್ತಿದ್ದಳು. ಮುಖ ಏನೂ ಹೇಳುತ್ತಿರಲಿಲ್ಲ. 'ಇನ್ನಾ ಬಿಸಿ ಬೇಕಿದಕ್ಕ' ಎಂದು ಇನ್ನೊಂದು ಎಲೆ ಕಾಯಿಸುತ್ತಿದ್ದಳು. ಉರಿ ಕಣ್ಣಿನ ತನಕ ಏರುತ್ತಿತ್ತು. ಸಾಕು ಎನ್ನಬಹುದಾಗಿತ್ತು, ಸಾಕು ಎನ್ನುವುದಕ್ಕೆ ತುಟಿ ಕೂಡಬೇಕಿಲ್ಲ. ಆದರೂ ಅವಳು ಅನ್ನಲಿಲ್ಲ. ಯಾಕೆಂದು ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಕೆನ್ನೆಯ ಮೇಲೆ ಬೊಬ್ಬೆ ಎದ್ದಾಗ ಅತ್ತೆ ಹೌಹಾರಿ, 'ಹೇಳಬಾರದೇನವ್ವಾ ನೀನು, ಬಾಯಿ ಇಲ್ಲೇನು ನಿನಗ!' ಎಂದು ಅತ್ತಳು. ಶೋಭಾಳ ಎಡಗಣ್ಣಿನಿಂದಲೂ ನೀರು ಸುರಿಯುತ್ತಿತ್ತು, ಅದು ಎಲ್ಲ ಹೊತ್ತೂ ಸುರಿಯುತ್ತಿತ್ತು. ಅದನ್ನು ಕಂಡು ಅತ್ತೆ ಮತ್ತಷ್ಟು ಅತ್ತಳು. ಶೋಭಾ ಒಳಗೆ ತಡಕಿ ನೋಡಿಕೊಂಡಳು. ಅಳು ಇರಲಿಲ್ಲ. ಅಡುಗೆಮನೆಯ ಕುಕ್ಕರು ಸೀಟಿ ಹಾಕಿ ಎಡಗಿವಿಯೊಳಗೆ ತಗಡು ಹರಿದಂತಾಯಿತು, ಅಷ್ಟೆ.

ಗುಳಿಗೆ ನುಂಗುವವಳ ಹಾಲು ಕೂಸಿಗೆ ಬೇಡ ಎಂದು ಅತ್ತೆ ಬಾಟಲಿಯನ್ನೇ ಮುಂದುವರಿಸಿದ್ದಳು. ಗುಳಿಗೆ ನಿಂತ ಮೇಲೂ ಬಾಟಲಿ ನಿಲ್ಲಲಿಲ್ಲ. ಬೆಳಗಿನ ಹೊತ್ತು ಅತ್ತೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಾಗ ಮಾತ್ರ ಶೋಭಾ ಕೂಸನ್ನೆತ್ತಿಕೊಂಡು ಸಣ್ಣ ಕೋಣೆಗೆ ಹೋಗಿ ಎದೆಗೆ ಹಾಕಿಕೊಳ್ಳುತ್ತಿದ್ದಳು. ಕದ್ದು ತಿಂದಂತೆ ಇಬ್ಬರೂ ಸದ್ದು ಮಾಡುತ್ತಿರಲಿಲ್ಲ. ಕೂಸು ಕುಡಿಯುತ್ತ ಕಣ್ಣು ಮೇಲೆತ್ತಿ ಅವಳ ಮುಖವನ್ನೇ ನೋಡುತ್ತಿತ್ತು. ಪ್ರೀತಿ ಉಕ್ಕಬೇಕಾದ ಹೊತ್ತು ಅದು. ಅವಳು ಕಾಯುತ್ತಿದ್ದಳು. ಕಾಚಿಗೂಡ ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬರುತ್ತಿತ್ತು, ಹೋಗುತ್ತಿತ್ತು.

ನಾಲ್ಕು ದಿನದ ಹಿಂದೆ ನೀಲಾ ನಕ್ಕಿತು. ಅದಕ್ಕೂ ಮೊದಲು ನಕ್ಕಿಲ್ಲವೆಂದಲ್ಲ. ಆದರೆ ಅವತ್ತು ಬಸಲಿಂಗಮ್ಮ ಅದನ್ನು ಬೆಳಕಿನಲ್ಲಿ ಕೂರಿಸಿಕೊಂಡು ಕಾಡಿಗೆ ಹಚ್ಚುತ್ತಿದ್ದಳು. ಶೋಭಾ ಬಾಗಿಲಲ್ಲಿ ಬಂದು ನಿಂತದ್ದನ್ನು ಕಂಡು ಕೂಸು ನಕ್ಕಿತು. ತುಟಿಯ ಒಂದು ತುದಿ ಮೇಲೇರಿತು, ಇನ್ನೊಂದು ತುದಿ ಇದ್ದಲ್ಲೇ ಇತ್ತು. ಒಂದು ಕಣ್ಣು ಕಿರಿದಾಯಿತು. ಬಸಲಿಂಗಮ್ಮನ ಬೆರಳು ಕಾಡಿಗೆಯ ಸಮೇತ ಗಾಳಿಯಲ್ಲಿ ನಿಂತಿತು.

'ಅಯ್ಯ ನನ್ನ ಶಿವನ! ಅಮರೇಶಾ, ಬಾ ಇಲ್ಲಿ. ಕೂಸಿನ ಮಾರಿ ನೋಡೋ!'

ಅಮರೇಶ ಬರುವಷ್ಟರಲ್ಲಿ ನಗು ಹೋಗಿತ್ತು. ಕೂಸು ಅಜ್ಜಿಯ ದನಿಗೆ ಹೆದರಿ ಅತ್ತಿತು, ಅಳುವಾಗ ಎರಡೂ ಕಡೆ ಸರಿಯಾಗಿಯೇ ಅತ್ತಿತು. ಡಾಕ್ಟರ ಹತ್ತಿರ ಹೋಗಿ ತೋರಿಸಿದರು. ಕೂಸಿಗೆ ಏನೂ ಆಗಿಲ್ಲ, ಕಂಡದ್ದನ್ನು ಮಾಡುತ್ತದೆ, ಆ ವಯಸ್ಸಿನ ಕೂಸುಗಳೇ ಹಾಗೆ ಎಂದು ಡಾಕ್ಟರು ನಕ್ಕರು. ಅವರು ನಕ್ಕದ್ದೇ ಮುಳುವಾಯಿತು. ಮನೆಗೆ ಬಂದ ಮೇಲೆ ಬಸಲಿಂಗಮ್ಮ ಮಗನ ಎದುರು ಕೂತಳು.

'ಕಂಡದ್ದು ಮಾಡ್ತೈತಿ ಅಂದ್ರಲ್ಲ ಡಾಕ್ಟರು? ಹಂಗಾದ್ರ ಇದನ್ನ ದಿನಾ ಕಂಡ್ರ ದಿನಾ ಮಾಡ್ತೈತಿ. ಹೆಣ್ಣು ಕೂಸು ಐತಪ್ಪ. ಮಾರಿ ಹಂಗ ನಿಂತು ಹೋದ್ರ ನಾಳೆ ಯಾರು ಕೇಳ್ತಾರ? ನಾ ಕೆಟ್ಟ ಮಾತು ಆಡಾಕತ್ತಿಲ್ಲ. ಆಕಿ ನನ್ನ ಮಗಳಿದ್ದಂಗ. ಆಕಿ ನೆಟ್ಟಗ ಆಗ್ಲಿ, ತಿರುಗಿ ತಂದು ಬಿಡ್ತೀನಿ.'

'ಆತು ಬಿಡವ್ವ' ಎಂದ ಅಮರೇಶ. ಜುಮಕಿಯ ಕಡೆ ತಿರುಗಿ, 'ನಿನಗೂ ಒಂದೀಟು ಆರಾಮ ಸಿಗ್ತೈತಿ' ಎಂದ. ಆರಾಮ ಎಂಬ ಮಾತು ಕೇಳಿದೊಡನೆ ಅವಳಿಗೆ ಆ ನಿದ್ದೆ ಇವನಿಗೆ ಹೇಗೋ ಗೊತ್ತಾಗಿದೆ ಎನ್ನಿಸಿತು. ಅವಳು ಏನಾದರೂ ಹೇಳಬೇಕೆಂದು ಇಬ್ಬರೂ ಕಾದಿರಬೇಕು. ಅವಳೂ ಕಾದಳು. ಎದೆಯಲ್ಲಿ ಏನಾದರೂ ಹರಿಯುತ್ತದೋ ಎಂದು. ಬದಲಿಗೆ ನೆನಪಾದದ್ದು, ನೆಲ ಒರೆಸಿಲ್ಲ ಎಂದು.

ಇವತ್ತು ಹೊರಡುವ ಗಡಿಬಿಡಿಯಲ್ಲಿ ಬಸಲಿಂಗಮ್ಮ ಎಲ್ಲರಿಗಿಂತ ಮೊದಲೇ ಎದ್ದು ಸ್ನಾನ, ಪೂಜೆ ಮುಗಿಸಿದ್ದಳು. ಶೋಭಾ ಎದ್ದಾಗ ಕೂಸು ಆಗಲೇ ಬಾಟಲಿ ಹಿಡಿದಿತ್ತು. ಆದ್ದರಿಂದ ಬೆಳಗಿನದು ತಪ್ಪಿತು. ಆಟೋದಲ್ಲಿ ಇಮ್ಲಿಬನ್ ಬಸ್‌ಸ್ಟ್ಯಾಂಡಿನ ಕಡೆ ಹೋಗುವಾಗ ಅವಳ ಎದೆ ಭಾರವಾಗಿ ನೋಯುತ್ತಿತ್ತು. ಅವಳು ಅದನ್ನು ಆಟೋದ ಕುಲುಕಾಟಕ್ಕೆ ಹಚ್ಚಿದಳು. ಗಾಳಿಯ ಧೂಳು ಮುಚ್ಚಲಾರದ ಕಣ್ಣಿಗೆ ನೇರ ಬಂದು ಬೀಳುತ್ತಿತ್ತು. ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಒಂದೇ ಕಣ್ಣಿನಲ್ಲಿ ಊರನ್ನು ನೋಡಿದಳು: ಚಪ್ಪಲಿ ಅಂಗಡಿಗಳ ಸಾಲು, ಲಾಡ್ಜಿನ ಬೋರ್ಡುಗಳು, ಚಾದರ್‌ಘಾಟಿನ ಸೇತುವೆಯ ಕೆಳಗೆ ಮೂಸಿಯ ಕರಿನೀರಿನ ಪಕ್ಕ ಮೇಯುವ ಎಮ್ಮೆಗಳು. ಎಲ್ಲ ಚಪ್ಪಟೆಯಾಗಿ, ಗೋಡೆಗೆ ಅಂಟಿಸಿದ ಕಾಗದದಂತಿತ್ತು. ಅಮರೇಶ ಕೂಸನ್ನು ಭುಜಕ್ಕೆ ಒರಗಿಸಿಕೊಂಡು ತಟ್ಟುತ್ತಿದ್ದ. ಸೇತುವೆ ದಾಟುವಷ್ಟರಲ್ಲಿ ಅದು ಮಲಗಿತು.

ಬಸ್ಸು ಬಂದು ನಿಲ್ಲುವ ಮೊದಲೇ ಜನ ಕಿಟಕಿಗಳೊಳಗೆ ಟವೆಲು, ಚೀಲ, ಛತ್ರಿ ಎಸೆದು ಜಾಗ ಹಿಡಿಯುತ್ತಿದ್ದರು. ಅಮರೇಶ ಕೂಸನ್ನು ಶೋಭಾಳ ಕೈಗೆ ಕೊಟ್ಟು, ತಾನೂ ಕರ್ಚೀಫು ಎಸೆದು, ತಾಯಿಯನ್ನು ಹತ್ತಿಸಿ, ಅರಿವೆಯ ಚೀಲವನ್ನು ಮೇಲಿನ ಕಂಬಿಯ ಮೇಲೆ ತುರುಕಿ ಇಳಿದು ಬಂದ. ಬಸಲಿಂಗಮ್ಮ ಕಿಟಕಿಯಿಂದ ಎರಡೂ ಕೈ ಚಾಚಿದಳು. 'ಕೊಡ್ರಿಲ್ಲೆ, ಜ್ವಾಕಿ, ಕುತ್ತಿಗಿ ಹಿಡೀರಿ.' ಮಲಗಿದ ಕೂಸು ಶೋಭಾಳ ಕೈಯಿಂದ ಅಮರೇಶನ ಕೈಗೆ, ಅಲ್ಲಿಂದ ಕಿಟಕಿಯೊಳಕ್ಕೆ ಹೋಯಿತು. ಒಂದು ಪುಟ್ಟ ಕಾಲು ಕಂಬಿಗೆ ತಾಗಿತು, ಬಸಲಿಂಗಮ್ಮ ಅದನ್ನು ಉಜ್ಜಿದಳು. ಕುಡಿಯುವ ನೀರು ತರುವುದು ಮರೆತೆನೆಂದು ಅಮರೇಶ ಅಂಗಡಿಗಳ ಕಡೆ ಓಡಿದ.

ಶೋಭಾ ಕಿಟಕಿಯ ಕೆಳಗೆ ನಿಂತಳು. ಕೈಗಳು ಇನ್ನೂ ಕೂಸನ್ನು ಹಿಡಿದ ಆಕಾರದಲ್ಲೇ ಇದ್ದವು, ಇಳಿಸುವುದು ನೆನಪಾಗಿ ಇಳಿಸಿದಳು. ಇಷ್ಟೇ ಎಂದುಕೊಂಡಳು. ಇಷ್ಟು ಸುಲಭ. ಮನೆಗೆ ಹೋಗಿ ನೆಲ ಒರೆಸಬಹುದು, ಮಲಗಬಹುದು. ತಾನು ತಾಯಿಯೇ ಅಲ್ಲವೇನೋ, ಮುಖದಿಂದ ಶುರುವಾದದ್ದು ಒಳಗೂ ಇಳಿದಿದೆಯೇನೋ ಎಂದು, ಬೇರೆ ಯಾರದೋ ರೋಗದ ಬಗ್ಗೆ ಯೋಚಿಸುವಂತೆ ಯೋಚಿಸಿದಳು. ಆಗ ಯಾರೋ ಅವಳ ಸೆರಗು ಹಿಡಿದು ಎಳೆದರು. ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಮುದುಕಿ, ರಾಯಚೂರು ಕಡೆಯವಳಿರಬೇಕು, ಎದ್ದು ನಿಂತು ಶೋಭಾಳ ಸೆರಗನ್ನು ಎದೆಯ ಮೇಲೆ ಅಗಲಿಸಿ ಹೊದಿಸುತ್ತಿದ್ದಳು.

'ಮುಚ್ಗೋ ಯವ್ವ. ಹಾಲು ಬಿಟ್ಟೈತಿ, ಜಂಪರ ಎಲ್ಲ ತೊಯ್ದೈತಿ.'

ಶೋಭಾ ತಲೆ ಬಗ್ಗಿಸಿ ನೋಡಿದಳು. ಎರಡೂ ಕಡೆ ಒದ್ದೆ ಹರಡುತ್ತ ಸೊಂಟದ ತನಕ ಇಳಿದಿತ್ತು. ಅದು ಯಾವಾಗ ಶುರುವಾಯಿತೋ ಅವಳಿಗೆ ಗೊತ್ತಿಲ್ಲ.

'ಕೂಸು ಎಲ್ಲೈತಿ?' ಎಂದಳು ಮುದುಕಿ. ಅವಳು ಶೋಭಾಳ ಮುಖದ ಕಡೆ ನೋಡಲೇ ಇಲ್ಲ; ಒದ್ದೆಯನ್ನೇ ನೋಡುತ್ತಿದ್ದಳು.

ಶೋಭಾ ಬಸ್ಸಿನ ಕಡೆ ಕೈ ಮಾಡಿದಳು.

'ಮತ್ತ ನೀ ಕೆಳಗ್ಯಾಕ ನಿಂತಿ?'

ಮುದುಕಿ ಬೈಯಲಿಲ್ಲ, ಉಪದೇಶ ಮಾಡಲಿಲ್ಲ, ಬಸ್ಸು ತಪ್ಪೀತು ಎಂಬ ಧಾಟಿಯಲ್ಲಿ ಕೇಳಿ ತನ್ನ ಬುಟ್ಟಿಯ ಹತ್ತಿರ ಕೂತಳು. ಶೋಭಾ ಉತ್ತರ ಹುಡುಕಿದಳು. ಅತ್ತೆಯ ಮಾತು, ಡಾಕ್ಟರ ಮಾತು, ಒಂದು ಕಡೆ ಏರಿದ ನಗು, ಎಲ್ಲವೂ ನೆನಪಾದವು, ಯಾವುದೂ ಆ ಪ್ರಶ್ನೆಗೆ ಹೊಂದಲಿಲ್ಲ. ಇಂಜಿನು ಶುರುವಾಗಿ ಎಡಗಿವಿಯಲ್ಲಿ ಸಿಡಿಯಿತು. ಅವಳು ಬಾಗಿಲ ಕಡೆ ನಡೆದಳು. ಮೆಟ್ಟಿಲ ಮೇಲಿದ್ದವರು 'ಜಾಗ ಲೇದಮ್ಮಾ' ಎಂದರು. ಅವಳು ಅವರ ತೋಳುಗಳ ಕೆಳಗೆ ನುಗ್ಗಿ ಒಳಗೆ ಹೋದಳು. ಧೈರ್ಯವೆನ್ನುವಂಥದ್ದೇನೂ ಅವಳಿಗೆ ಅನ್ನಿಸಲಿಲ್ಲ. ಎದೆ ನೋಯುತ್ತಿತ್ತು, ಸೀರೆ ಮೈಗೆ ಅಂಟುತ್ತಿತ್ತು.

'ಕೂಸನ್ನ ಕೊಡ್ರಿ' ಎಂದಳು.

'ಏನು? ಯಾಕ ಹತ್ತಿದಿ?' ಬಸಲಿಂಗಮ್ಮ ಸೊಸೆಯ ಮುಖವನ್ನು ಹುಡುಕಿದಳು. ಸಿಟ್ಟೋ, ದುಃಖವೋ, ಹುಚ್ಚೋ ಆ ಮುಖದಲ್ಲಿ ಅವಳಿಗೆ ಸಿಗಲಿಲ್ಲ. ಎಡಗಣ್ಣು ಮಾತ್ರ ಸುರಿಯುತ್ತಿತ್ತು. 'ಅಳಬ್ಯಾಡ. ಅತ್ತು ಕಳಸಬಾರ್ದು. ಹದಿನೈದು ದಿನಕ್ಕ ಅಮರೇಶ ಬರ್ತೀನಿ ಅಂದಾನ, ನೀನೂ ಬಾ.'

'ಅಳಾಕತ್ತಿಲ್ರಿ. ಕೊಡ್ರಿ.'

'ಹುಚ್ಚೇನ ನಿನಗ? ಅದರ ಒಳ್ಳೇದಕ್ಕ ಅಲ್ಲೇನು ನಾ ಒಯ್ಯಾಕತ್ತಿದ್ದು?'

'ಹೌದ್ರಿ' ಎಂದಳು ಶೋಭಾ. ಅದು ನಿಜವೆಂದು ಅವಳಿಗೂ ಗೊತ್ತಿತ್ತು. 'ಕೊಡ್ರಿ.'

ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಒಬ್ಬ ಹುಡುಗಿ ಶೋಭಾಳ ತುಟಿಯನ್ನೇ ನೋಡಿ ತನಗರಿವಿಲ್ಲದೆ ತನ್ನ ತುಟಿಯನ್ನು ಓರೆ ಮಾಡಿದಳು. ಕಂಡಕ್ಟರು ಇಳಿಯೋರು ಇಳೀರಿ ಎಂದು ಸೀಟಿ ಊದಿದ. ಬಸಲಿಂಗಮ್ಮ ಕೂಸನ್ನು ಎದೆಗೆ ಬಿಗಿಯಾಗಿ ಒತ್ತಿಕೊಂಡಳು. ಶೋಭಾ ಬಗ್ಗಿ, ಒಂದು ಕೈಯನ್ನು ಕೂಸಿನ ಕತ್ತಿನ ಕೆಳಗೆ, ಇನ್ನೊಂದನ್ನು ಬೆನ್ನ ಕೆಳಗೆ ತೂರಿಸಿದಳು. ಬಗ್ಗಿದಾಗ ಸೆರಗು ಜಾರಿತು. ಬಸಲಿಂಗಮ್ಮನ ಕಣ್ಣು ಮುಖದಿಂದ ಕೆಳಗಿಳಿದು ಒದ್ದೆಯ ಮೇಲೆ ನಿಂತಿತು. ಐದು ಮಕ್ಕಳನ್ನು ಹೆತ್ತವಳು ಅವಳು.

'ಇನ್ನೂ ಬತ್ತಿಲ್ಲೇನು?' ಎಂದಳು, ಸಣ್ಣ ದನಿಯಲ್ಲಿ. ಅವಳ ಕೈ ಸಡಿಲಾಯಿತು. ಬಸ್ಸು ಹಿಂದಕ್ಕೆ ಸರಿಯತೊಡಗಿತ್ತು. ಶೋಭಾ ಕೂಸನ್ನು ಎತ್ತಿಕೊಂಡು, ಕಂಬಿಗಳನ್ನು ಮೊಣಕೈಯಿಂದ ಹಿಡಿಯುತ್ತ, ಬಾಗಿಲಿಗೆ ಬಂದಳು. ಕಂಡಕ್ಟರು ತೆಲುಗು, ಕನ್ನಡ ಎರಡರಲ್ಲೂ ಬೈದು ಬಸ್ಸು ನಿಲ್ಲಿಸಿ ಇಳಿಸಿದ. ಅವಳು ತಿರುಗಿ ನೋಡಿದಾಗ ಕಿಟಕಿಯಲ್ಲಿ ಅತ್ತೆಯ ಮುಖವಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡ ತಲೆ ಮಾತ್ರ ಇತ್ತು. ಬಸ್ಸು ಹೋಯಿತು.

ಸಿಮೆಂಟಿನ ಬೆಂಚಿನ ಮೇಲೆ ಕೂತು ಸೆರಗಿನ ಮರೆಯಲ್ಲಿ ಜಂಪರಿನ ಗುಂಡಿ ತೆಗೆದಳು. ನೀಲಾ ನಿದ್ದೆಯಲ್ಲಿ ಮುಖ ಕಿವುಚಿತು, ಬಾಯಿ ತೆರೆಯಲಿಲ್ಲ. ಶೋಭಾ ಅದರ ಅಂಗಾಲನ್ನು ಬೆರಳಿನಿಂದ ತೀಡಿದಳು, ಕೆನ್ನೆಯನ್ನು ತಟ್ಟಿದಳು, ಹಾಲಿನ ಹನಿಯನ್ನು ತುಟಿಗೆ ಸವರಿದಳು. ಕೂಸು ಒಂದಿಷ್ಟು ರಗಳೆ ಮಾಡಿ, ಕಣ್ಣು ಬಿಡದೆಯೇ ಹಿಡಿಯಿತು. ಹಿಡಿದ ಕೂಡಲೇ ನೋವು ಸಡಿಲಾಗತೊಡಗಿತು. ಬುಟ್ಟಿಯ ಮುದುಕಿ ತನ್ನ ಬಸ್ಸು ಬಂತೆಂದು ಎದ್ದು ಹೋಗಿದ್ದಳು. ಇನ್ನೊಂದು ಬಸ್ಸು ಅದೇ ಜಾಗಕ್ಕೆ ಬಂದು ನಿಂತಿತು, ಮತ್ತೆ ಟವೆಲುಗಳು ಹಾರಿದವು. ಶೋಭಾ ತನ್ನೊಳಗೆ ಏನಾದರೂ ಆಗಿದೆಯೇ ಎಂದು ನೋಡಿಕೊಳ್ಳಲು ಹೋದಳು. ಕೂಸನ್ನು ಇನ್ನೊಂದು ಬದಿಗೆ ಬದಲಿಸುವ ಕೆಲಸವಿತ್ತು, ಅದನ್ನು ಮಾಡಿದಳು.

ಅಮರೇಶ ನೀರಿನ ಬಾಟಲಿ, ಬಾಳೆಹಣ್ಣು ಹಿಡಿದು ಓಡುತ್ತ ಬಂದು, ಬಸ್ಸಿಲ್ಲದ ಜಾಗ ನೋಡಿ ನಿಂತ. ಆಮೇಲೆ ಅವಳನ್ನು ನೋಡಿದ. ಸೆರಗಿನ ಕೆಳಗಿನಿಂದ ಹೊರಬಿದ್ದಿದ್ದ ಪುಟ್ಟ ಕಾಲನ್ನು ನೋಡಿದ.

'ಅವ್ವ?'

'ಹೋದ್ರು.'

ಅವನು ಬೆಂಚಿನ ತುದಿಯಲ್ಲಿ ಕೂತ. ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡ. ಅರಿವೆಯ ಚೀಲ ಬಸ್ಸಿನ್ಯಾಗ ಹೋತಲ್ಲ ಎಂದ. ಆಮೇಲೆ, ಸಂಜೆ ಊರಿಗೆ ಫೋನು ಮಾಡಬೇಕಾಗುತ್ತದೆ, ಅಪ್ಪ ಕೇಳುತ್ತಾನೆ, ಏನಂತ ಹೇಳೂದು ಎಂದ.

'ಕೂಸಿಗೆ ಹಸಿವಿ ಆಗಿತ್ತು ಅಂತ ಹೇಳ್ರಿ.'

ಅಮರೇಶ ಅವಳ ಮುಖವನ್ನು ನೋಡಿದ. ಹೊಟ್ಟೆ ತುಂಬಿದ ಕೂಸನ್ನು ಆಟೋದಲ್ಲಿ ಮಲಗಿಸಿದವನು ಅವನೇ.

'ಹೂಂ' ಎಂದ.